ಬಂದರ್ ತೋರಿಸುವವರು ಯಾರು?

ದುಬೈಯಿಂದ ಮಗನ ಜೊತೆ ಅವನ ಆಫೀಸಿನ ಈಜಿಪ್ಟ್ ಗೆಳೆಯನೊಬ್ಬ ಮದುವೆಗೆ ಬರ್ತಾನೆ ಅಂತ ಇಟ್ಟುಕೊಳ್ಳಿ. ಮದುವೆ ಮುಗಿದ ಮೇಲೆ ಎರಡು ದಿನ ಪುರುಸೊತ್ತು ಉಂಟು, ನಿಮ್ಮ ಊರು ತೋರಿಸಿ ಅಂತಾನೆ. ನಾವು ಎಲ್ಲಿಗೆ ಕರೆದುಕೊಂಡು ಹೋಗ್ತೇವೆ? ಪಣಂಬೂರು ಬೀಚ್, ಅಲ್ಲಿಂದ ಒಂದು ಮಾಲ್, ಒಂದು ಗಡ್‌ಬಡ್ ಐಸ್‌ಕ್ರೀಂ, ಸಮಯ ಉಳಿದರೆ ಉಳ್ಳಾಲ ದರ್ಗಾ. ಮಾಲ್ ಅವನು ಕೆಲಸ ಮಾಡುವ ಊರಲ್ಲಿ ಇದರ ಹತ್ತು ಪಾಲು ದೊಡ್ಡದು ಉಂಟು. ಸಮುದ್ರವೂ ಉಂಟು. ಅವನು ನಯವಾಗಿ ತಲೆಯಾಡಿಸಿ, ನಾಲ್ಕು ಫೋಟೊ ತೆಗೆದು ವಿಮಾನ ಹತ್ತುತ್ತಾನೆ.

ಅವನ ದೇಶದ ಕೈರೋದ ಒಂದು ಹಳೆಯ ಯಹೂದಿ ಆರಾಧನಾಲಯದ ಕೋಣೆಯಲ್ಲಿ ಮಂಗಳೂರಿನ ಒಬ್ಬ ವ್ಯಾಪಾರಿಯ ಕಾಗದಪತ್ರಗಳು ಏಳುನೂರು ವರ್ಷಕ್ಕೂ ಮೇಲೆ ಬಿದ್ದಿದ್ದವು ಅಂತ ಯಾರೂ ಅವನಿಗೆ ಹೇಳಲಿಲ್ಲ. ಹೇಳಬೇಕಾದ ನಮಗೇ ಅದು ಗೊತ್ತಿಲ್ಲದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು?

ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಬರ್ತವೆ. ಬೆಳಿಗ್ಗೆ ಇಳಿದ ವಿದೇಶಿಯರನ್ನು ಬಸ್ಸಿನಲ್ಲಿ ಹತ್ತಿಸಿ ಸಂಜೆಯೊಳಗೆ ಮತ್ತೆ ಹಡಗಿಗೆ ಮುಟ್ಟಿಸಬೇಕು. ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಕುದ್ರೋಳಿ ಗೋಕರ್ಣನಾಥ, ಒಂದು ಗೇರುಬೀಜದ ಫ್ಯಾಕ್ಟರಿ. ಇದೇ ಸುತ್ತು. ಇದರಲ್ಲಿ ನನಗೆ ತಕರಾರಿಲ್ಲ. ಅಂಟೋನಿಯೊ ಮೊಸ್ಕೇನಿ ಎಂಬ ಇಟಲಿಯವರು 1899ರಿಂದ ಎರಡು ವರ್ಷ ಕೂತು ಚಾಪೆಲಿನ ಗೋಡೆ, ಮಾಡಿನ ತುಂಬಾ ಬರೆದ ಚಿತ್ರಗಳನ್ನು ನೋಡದೆ ಮಂಗಳೂರು ನೋಡಿದೆ ಅನ್ನಲಿಕ್ಕೆ ಆಗುವುದಿಲ್ಲ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಕುದ್ರೋಳಿ ದೇವಸ್ಥಾನದ ಕಥೆ ಈ ಜಿಲ್ಲೆಯ ದೊಡ್ಡ ಕಥೆಗಳಲ್ಲಿ ಒಂದು. ನನ್ನ ಮಾತು ಬೇರೆ. ಬಸ್ಸು ಕುದ್ರೋಳಿಯವರೆಗೆ ಬರ್ತದೆ, ದೇವಸ್ಥಾನದ ಅಂಗಳದಲ್ಲಿ ನಿಲ್ತದೆ, ಅಲ್ಲಿಂದಲೇ ತಿರುಗಿ ಹೋಗ್ತದೆ. ಕುದ್ರೋಳಿಯ ಇನ್ನೊಂದು ಅರ್ಧ, ಅದರಾಚೆ ಕಂದತ್‌ಪಳ್ಳಿ, ಅಝೀಝುದ್ದೀನ್ ರಸ್ತೆ, ಬೀಬಿ ಅಲಾಬಿ ರಸ್ತೆ, ಕಂಡಕ್, ಧಕ್ಕೆ, ಇಡೀ ಬಂದರ್ ಆ ಬಸ್ಸಿನವರ ಲೆಕ್ಕದಲ್ಲಿಲ್ಲ. ಮಂಗಳೂರು ಅನ್ನುವ ಊರು ಹುಟ್ಟಿದ್ದು ಎಲ್ಲಿಂದಲೋ ಆ ಜಾಗವೇ ಬಿಟ್ಟುಹೋಗ್ತದೆ.

ಯಾರೋ ಬೇಕಂತಲೇ ಬಿಟ್ಟರು ಅಂತ ಹೇಳುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ದೊಡ್ಡ ಬಸ್ಸು ಬಂದರಿನ ಗಲ್ಲಿಯೊಳಗೆ ನುಗ್ಗುವುದಿಲ್ಲ. ಅಲ್ಲಿ ನಡೆಯಬೇಕು, ನಡೆಸುವವರು ಬೇಕು. ದೇವಸ್ಥಾನಕ್ಕೆ, ಚಾಪೆಲಿಗೆ ತೋರಿಸುವವರಿದ್ದಾರೆ. ಬಂದರಿಗೆ ಇಲ್ಲ. ಆ ಕೆಲಸಕ್ಕೆ ನಮ್ಮ ಮಕ್ಕಳೇ ಇಳಿಯಬೇಕು, ಅದೂ ಪುಕ್ಕಟೆ ಸೇವೆಯಾಗಿ ಅಲ್ಲ, ಸಂಬಳದ ಕಸುಬಾಗಿ. ಇದು ನನ್ನ ಅಭಿಪ್ರಾಯ.

ಅಲ್ಲಿ ನೋಡಲಿಕ್ಕೆ ಎಂತ ಉಂಟು ಅಂತ ಕೇಳುವವರು ನಮ್ಮಲ್ಲೇ ಹೆಚ್ಚು. ಆದ್ದರಿಂದ ಸ್ವಲ್ಪ ಹೇಳ್ತೇನೆ.

ಬೆಲಿಯ ಪಳ್ಳಿಯಿಂದ ಶುರು ಮಾಡಿ. ಝೀನತ್ ಬಕ್ಷ್ ಜುಮಾ ಮಸೀದಿ ಅಂತ ಬೋರ್ಡಿನಲ್ಲಿರುವುದು ಅದೇ. ಮಾಲಿಕ್ ದೀನಾರ್‌ರ ಸಂಗಡಿಗರು ಕ್ರಿ.ಶ. 644ರಲ್ಲಿ ಇದನ್ನು ಕಟ್ಟಿದರು ಅನ್ನುವುದು ನಮ್ಮ ಹಿರಿಯರಿಂದ ಬಂದ ಮಾತು. ಟಿಪ್ಪು ಸುಲ್ತಾನರು ನವೀಕರಿಸಿ ತಮ್ಮ ಮಗಳ ಹೆಸರಿಟ್ಟರು ಅನ್ನುವುದೂ ಹಾಗೆಯೇ ನಡೆದು ಬಂದದ್ದು. ಒಳಗಿನ ಕೆತ್ತನೆಯ ಮರದ ಕಂಬಗಳನ್ನು ಒಮ್ಮೆ ನಿಂತು ನೋಡಿ. ಪ್ರತಿ ಜುಮಾಕ್ಕೆ ಆ ಕಂಬಕ್ಕೇ ಬೆನ್ನು ಒರಗಿಸಿ ಕೂರುವವರಿಗೂ ಅದರ ಬಳ್ಳಿ, ಹೂವು ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಇಬ್ನ್ ಬತೂತ ಇಲ್ಲಿಗೆ ಬಂದದ್ದು 14ನೇ ಶತಮಾನದಲ್ಲಿ. ಬಾರ್ಕೂರಿನ ಕಡೆಯಿಂದ ಹಡಗಿನಲ್ಲಿ ಬಂದ. ಅವನು ಊರಿಗೆ ಬರೆದ ಹೆಸರು ಮಂಜರೂರ್. ಫಾರ್ಸ್ ಮತ್ತು ಯಮನ್‌ನ ವ್ಯಾಪಾರಿಗಳು ಹೆಚ್ಚಾಗಿ ಇಳಿಯುವ ಬಂದರು ಇದು, ಕಾಳುಮೆಣಸು, ಶುಂಠಿ ಧಾರಾಳ ಅಂತ ದಾಖಲಿಸಿದ್ದಾನೆ. ಊರಿನ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ಇದ್ದರು, ಊರಿನವರಿಗೂ ಇವರಿಗೂ ಆಗಾಗ ಜಗಳ ಆಗ್ತಿತ್ತು, ವ್ಯಾಪಾರಿಗಳು ಬೇಕಾದ ರಾಜ ನಡುವೆ ಬಂದು ರಾಜಿ ಮಾಡಿಸುತ್ತಿದ್ದ ಅಂತಲೂ ಬರೆದಿದ್ದಾನೆ. ಈ ಭಾಗ ಓದುವಾಗ ನಿನ್ನೆಯ ಪೇಪರ್ ಓದಿದ ಹಾಗೆ ಆಗ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಬೇರೆ ಒಂದು ಸಣ್ಣ ವಿಷಯ. ಅವನ ಹಡಗಿನವರೆಗೆ ಬಂದು, ಇಳಿದು ನಮ್ಮಲ್ಲಿ ಉಳಿಯಿರಿ ಅಂತ ಕರೆದವರು ಇಲ್ಲಿನ ಖಾಝಿ, ಬದ್ರುದ್ದೀನ್. ಹೊರಗಿನವರನ್ನು ಹಡಗಿಗೇ ಹೋಗಿ ಕರೆದುಕೊಂಡು ಬರುವ ಮರ್ಯಾದೆ ನಮ್ಮ ಬಂದರಿಗೆ ಹೊಸದಲ್ಲ.

ಅದಕ್ಕಿಂತ ಇನ್ನೂರು ವರ್ಷ ಹಿಂದೆ ಹೋಗಿ. ಟುನೀಶಿಯಾದ ಮಹದಿಯಾ ಎಂಬ ಊರಿನ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಏಡನ್ ದಾರಿಯಾಗಿ ಬಂದು ಮಂಗಳೂರಲ್ಲಿ ನೆಲೆ ನಿಂತ. 1132ರಲ್ಲಿ ಇಲ್ಲೇ ಬರೆಸಿದ ಅವನ ಒಂದು ಪತ್ರ ಉಳಿದಿದೆ. 1149ರವರೆಗೆ ಇಲ್ಲಿದ್ದ. ಇಲ್ಲಿಂದ ಕಾಳುಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಹಿತ್ತಾಳೆ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಏಡನ್‌ನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಈ ಬೊಮ್ಮ ನಮ್ಮ ತುಳುನಾಡಿನವನು ಅಂತ ಹುಡುಕಿ ತೆಗೆದದ್ದು ಅಮಿತಾವ್ ಘೋಷ್. ಅವರ 1992ರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಇದೆಲ್ಲ ಉಂಟು. ಹೆಸರಿನ ಗಂಟು ಬಿಡಿಸಲಿಕ್ಕೆ ಅವರಿಗೆ ನೆರವಾದವರು ನಮ್ಮ ಜಿಲ್ಲೆಯ ವಿದ್ವಾಂಸರಾದ ಬಿ.ಎ. ವಿವೇಕ ರೈ. ನಾನು ಮೊದಲು ಹೇಳಿದ ಕೈರೋದ ಕಾಗದಗಳು ಇವೇ.

ಇಷ್ಟು ದೊಡ್ಡ ಚರಿತ್ರೆ ಹೇಳಿದ ಮೇಲೂ ಒಂದು ಪ್ರಶ್ನೆ ಉಳೀತದೆ. ಇದೆಲ್ಲ ಪುಸ್ತಕದಲ್ಲಿ ಉಂಟಲ್ಲ, ಫೋನಿನಲ್ಲಿ ಮ್ಯಾಪ್ ಉಂಟಲ್ಲ, ಜೊತೆಗೆ ನಡೆಯುವ ಗೈಡ್ ಯಾಕೆ?

ಬಂದರಿನ ಒಂದು ಒಣಮೀನಿನ ಮಂಡಿಯಲ್ಲಿ ಆಯುಷ್ಯ ಪೂರ್ತಿ ರೈಟರ್ ಆಗಿದ್ದ ಹಾಜಿಕರೊಬ್ಬರ ಹಿಂದೆ ಒಂದು ಬೆಳಿಗ್ಗೆ ನಾನು ನಡೆದಿದ್ದೆ. ಮೊಣಕಾಲು ನೋವು, ಹತ್ತು ಹೆಜ್ಜೆಗೊಮ್ಮೆ ಯಾವುದಾದರೂ ಅಂಗಡಿಯ ಮೆಟ್ಟಿಲಲ್ಲಿ ಕೂರುವವರು. ಆದರೆ ಅವರು ಕೂತಲ್ಲೆಲ್ಲ ಒಂದು ಕಥೆ ಇತ್ತು. ಕಣ್ಣು ಮುಚ್ಚಿಕೊಂಡು, ವಾಸನೆಯಲ್ಲೇ ಯಾವ ಗೋದಾಮಿನಲ್ಲಿ ಎಂತ ಇತ್ತು ಅಂತ ಹೇಳುತ್ತಿದ್ದರು. ಇಲ್ಲಿ ಕೊಪ್ಪರ, ಅದರ ಆಚೆ ಒಣಮೆಣಸು, ಆ ತಿರುವಿನ ನಂತರ ನಮ್ಮದು, ಅದನ್ನು ಹೇಳಬೇಕಾಗಿಲ್ಲ ಅಂತ ನಕ್ಕರು. ಕೆಡವಿದ ಒಂದು ಮಾಳಿಗೆ ಮನೆಯ ಕಲ್ಲುಮಣ್ಣಿನ ರಾಶಿಯಿಂದ ಒಡೆದ ಹೆಂಚು ಎತ್ತಿ ಮಗುಚಿ ಹಾಕಿ, ಅದರ ಬೆನ್ನಿಗೆ ಒತ್ತಿದ ಫ್ಯಾಕ್ಟರಿಯ ಹೆಸರು ಬೆರಳಿನಿಂದ ಉಜ್ಜಿ ತೋರಿಸಿದರು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಉದ್ಯಮ ನಮ್ಮೂರಿನ ಹೆಸರನ್ನೇ ಲೋಕಕ್ಕೆ ಹರಡಿತು ಅಂತ ಶಾಲೆಯಲ್ಲಿ ಓದಿದ್ದೆ. ಆ ಹೆಂಚು ಹೊತ್ತ ಹಮಾಲಿಗಳಲ್ಲಿ ನಮ್ಮವರು ಎಷ್ಟು ಜನ, ಯಾವ ಕೇರಿಯವರು, ಒಂದು ಹೊರೆಗೆ ಎಷ್ಟು ಹೆಂಚು, ಇದನ್ನು ನನಗೆ ಹೇಳಿದ್ದು ಯಾವ ಪುಸ್ತಕವೂ ಅಲ್ಲ, ಹಾಜಿಕ.

ಧಕ್ಕೆಯ ಹತ್ತಿರ ಬಂದಾಗ ಲಕ್ಷದ್ವೀಪಕ್ಕೆ ಹೋಗುವ ಮಂಜಿಯೊಂದಕ್ಕೆ ಸಾಮಾನು ಹೇರುತ್ತಿದ್ದರು. ತರಕಾರಿ, ಸಿಮೆಂಟ್, ಹಗ್ಗ ಬಿಗಿದ ಆಡುಗಳು. ‘ಇವರು ಹೊರಗಿನವರಲ್ಲ’ ಅಂದರು ಹಾಜಿಕ. ಸತ್ಯ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ತೆಂಗಿನ ನಾರಿನ ಹಗ್ಗ ತಂದು ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದರು. ಯಾವ ದ್ವೀಪದವರು ಯಾವ ಮಾಳಿಗೆಯಲ್ಲಿ ಇಳಿದುಕೊಳ್ಳುತ್ತಿದ್ದರು, ಮಳೆಗಾಲ ಹತ್ತಿರ ಬಂದು ಕಡಲು ಮುಚ್ಚುವ ಮೊದಲು ಯಾರಿಗೆ ಎಷ್ಟು ಸಾಲ ಕೊಡುತ್ತಿದ್ದರು, ಸಾಲ ತೀರಿಸಲು ಆಗದವರು ಯಾರ ಮನೆಯಿಂದ ಹೆಣ್ಣು ತಂದು ನೆಂಟರಾದರು, ಎಲ್ಲ ಅವರ ತಲೆಯಲ್ಲಿತ್ತು. ಕೊನೆಗೆ ಸುಲೈಮಾನಿ ಕುಡಿಯುತ್ತಾ, ‘ಎಂತ ಮೋನೆ, ನೀವು ಪೇಪರಿಗೆ ಬರೀತೀರಿ, ನಮ್ಮ ಪುಳ್ಳಿಗಳು ಓದುವುದಿಲ್ಲ. ಅವರನ್ನು ಹೀಗೆ ನಡೆಸಬೇಕು’ ಅಂದರು.

ಹಾಜಿಕ ಈಗ ಇಲ್ಲ. ಅವರ ಮಗನಿಗೆ ಜುಬೈಲಿನ ಪ್ರತಿ ರಸ್ತೆ ಗೊತ್ತು. ಬಂದರಿನಲ್ಲಿ ಕಾರು ನಿಲ್ಲಿಸುವ ಜಾಗ ಎಲ್ಲಿ ಸಿಗ್ತದೆ ಅಂತ ಮಾತ್ರ ಗೊತ್ತು.

ಹೀಗೆ ಜೊತೆಯಲ್ಲಿ ನಡೆದು ಹೇಳುವವನ ಬೆಲೆ ನಮ್ಮವರಿಗೆ ತಿಳಿಯದ್ದಲ್ಲ. ಉಮ್ರಾಕ್ಕೆ ಹೋಗಿ ಬಂದವರನ್ನು ಕೇಳಿ. ಮದೀನಾದಲ್ಲಿ ಝಿಯಾರತ್‌ಗೆ ತಿಳಿದವನೊಬ್ಬ ಸಿಕ್ಕಿದರೆ ಉಹುದ್ ಬೆಟ್ಟದ ಬುಡದಲ್ಲಿ ನಿಂತಾಗ ಮೈ ಜುಮ್ಮೆನ್ನುತ್ತದೆ. ಸಿಗದಿದ್ದರೆ ‘ಯೇ ಉಹುದ್ ಹೈ, ಪಾಂಚ್ ಮಿನಿಟ್’ ಅಂತ ಹಾರ್ನ್ ಒತ್ತುವ ಡ್ರೈವರ್. ಬೆಟ್ಟ ಅದೇ, ಹಣವೂ ಹೆಚ್ಚು ಕಡಿಮೆ ಅಷ್ಟೇ.

ಬೇರೆ ಊರಿನವರು ಇದನ್ನು ಯಾವತ್ತೋ ಅರ್ಥ ಮಾಡಿಕೊಂಡಿದ್ದಾರೆ. ಅಹಮದಾಬಾದಿನಲ್ಲಿ 1997ರಿಂದ ನಗರಪಾಲಿಕೆಯೇ ದಿನಾ ಬೆಳಿಗ್ಗೆ ಗೈಡ್ ಜೊತೆ ಹಳೆಯ ಪೇಟೆ ನಡೆಸುತ್ತದೆ. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಪೋಳ್ ಅಂತ ಕರೆಯುವ ಓಣಿಗಳೊಳಗೆ ನುಸುಳಿ, ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಅಹಮದಾಬಾದ್ ಎಂತೆಂಥ ದಿನಗಳನ್ನು ಕಂಡಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮಂದಿರದಿಂದ ಮಸೀದಿಗೆ ಹೋಗುವ ಆ ದಾರಿ ಅಳಿಸಿಹೋಗಲಿಲ್ಲ. 2017ರಲ್ಲಿ ಯುನೆಸ್ಕೊ ಆ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಿಲ್ಲಿಯಲ್ಲಿ ಸಲಾಂ ಬಾಲಕ್ ಟ್ರಸ್ಟ್‌ನವರು ಪಹಾರ್‌ಗಂಜ್ ಸುತ್ತ ಜನರನ್ನು ನಡೆಸುತ್ತಾರೆ. ಗೈಡ್‌ಗಳು ಒಂದು ಕಾಲದಲ್ಲಿ ಅದೇ ಬೀದಿಯಲ್ಲಿ ಮಲಗುತ್ತಿದ್ದ ಮಕ್ಕಳು. ಇನ್ನು ನಮಗೆ ಹತ್ತಿರದ ಕೋಝಿಕ್ಕೋಡಿನ ಕುಟ್ಟಿಚ್ಚಿರ. ಕೆರೆ, ಅದರ ದಡದಲ್ಲಿ ನಾಖುದಾ ಮಿಸ್ಕಾಲ್ ಎಂಬ ಹಡಗು ವ್ಯಾಪಾರಿ ಕಟ್ಟಿಸಿದ ಪಳ್ಳಿ, 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಇಟ್ಟ ಕಥೆ, ಅಷ್ಟೇ ದೂರದಲ್ಲಿ ಮುಚ್ಚುಂದಿ ಪಳ್ಳಿಯ ಶಿಲಾಶಾಸನ. ಅಲ್ಲಿನ ಹುಡುಗರು ಇದನ್ನು ಬಾಯಿಪಾಠವಾಗಿ ಅಲ್ಲ, ಅಜ್ಜನ ಮನೆಯ ಕಥೆಯಾಗಿ ಹೇಳುತ್ತಾರೆ. ನಮ್ಮ ಎಷ್ಟೋ ಮಂದಿ ಕೋಝಿಕ್ಕೋಡಿಗೆ ಬಿರಿಯಾನಿ, ಹಲ್ವಕ್ಕೆ ಹೋಗಿ ಬರ್ತಾರೆ, ಕುಟ್ಟಿಚ್ಚಿರ ನೋಡಿದವರು ಎಷ್ಟು ಮಂದಿಯೋ.

ಈಗ ಆಕ್ಷೇಪಗಳಿಗೆ ಬರುವ. ಇದನ್ನು ನಾಲ್ಕು ಜನರ ಎದುರು ಹೇಳಿದಾಗೆಲ್ಲ ಮೊದಲು ಬರುವ ಮಾತು: ಪಳ್ಳಿ ಎಂತ ಟೂರಿಸ್ಟ್ ಸ್ಪಾಟಾ? ಎರಡನೆಯದು: ನಮ್ಮ ಮನೆ ಹೆಂಗಸರನ್ನು ಯಾರೋ ಫೋಟೊ ತೆಗೆದುಕೊಂಡು ಹೋಗಬೇಕಾ? ಮೂರನೆಯದು ಸ್ವಲ್ಪ ಮೆಲ್ಲಗೆ ಬರ್ತದೆ: ಚರಂಡಿ, ಮುರಿದ ಗೋಡೆ, ಕಸ ತೋರಿಸಿ ನಾವೇ ನಮ್ಮ ಮಾನ ತೆಗೆಯಬೇಕಾ?

ಮೂರಕ್ಕೂ ಗೌರವದಿಂದಲೇ ಉತ್ತರ ಕೊಡಬೇಕು, ಯಾಕೆಂದರೆ ಮೂರರಲ್ಲೂ ಹುರುಳಿದೆ. ಪಳ್ಳಿಯ ವಿಷಯಕ್ಕೆ ದುಬೈಯನ್ನೇ ನೋಡಿ. ಜುಮೈರಾ ಮಸೀದಿಗೆ ಮುಸ್ಲಿಮೇತರರು ಬರ್ತಾರೆ, ಕೂರ್ತಾರೆ, ಪ್ರಶ್ನೆ ಕೇಳ್ತಾರೆ. ಅದನ್ನು ನಡೆಸುವುದು 1998ರಲ್ಲಿ ಶುರುವಾದ ಶೇಖ್ ಮುಹಮ್ಮದ್ ಸಾಂಸ್ಕೃತಿಕ ತಿಳುವಳಿಕೆ ಕೇಂದ್ರ. ಅದರ ಕಚೇರಿ ಇರುವ ಅಲ್ ಫಹೀದಿ ಕೇರಿಯ ಒಂದು ಭಾಗವನ್ನು 1980ರ ದಶಕದಲ್ಲಿ ಕಚೇರಿ ಕಟ್ಟಡಗಳಿಗಾಗಿ ಕೆಡವಿ ಆಗಿತ್ತು, ಉಳಿದದ್ದೂ ಹೋಗುವುದರಲ್ಲಿತ್ತು. ಈಗ ಆ ಮಣ್ಣಿನ ಬಣ್ಣದ ಗಾಳಿಗೋಪುರಗಳ ಎದುರು ನಮ್ಮ ಮಕ್ಕಳೇ ಸೆಲ್ಫಿ ತೆಗೆದು ಊರಿಗೆ ಕಳಿಸ್ತಾರೆ. ನಮಾಝಿನ ಹೊತ್ತು ಬಿಟ್ಟು, ಜಮಾಅತ್ ಕಮಿಟಿ ಹೇಳಿದ ಹೊತ್ತಿಗೆ, ಹೇಳಿದ ಬಾಗಿಲಿನಿಂದ, ಹೇಳಿದ ಉಡುಪಿನಲ್ಲಿ. ಒಳಗೆ ಬೇಡ ಅಂದರೆ ಅಂಗಳದಿಂದಲೇ. ನಿರ್ಧಾರ ಪಳ್ಳಿಯವರದ್ದು, ಗೈಡಿನದ್ದಲ್ಲ.

ಫೋಟೊದ ವಿಷಯದಲ್ಲಿ ನಾನು ಆಕ್ಷೇಪ ಮಾಡುವವರ ಕಡೆ. ಮುಂಬೈಯ ಧಾರಾವಿಯಲ್ಲಿ ಗೈಡ್ ಜೊತೆ ಜನರನ್ನು ನಡೆಸುವ ಒಂದು ಸಂಸ್ಥೆ ಕೆಮರಾ ಹೊರಗೆ ತೆಗೆಯಬಾರದು ಅಂತಲೇ ನಿಯಮ ಇಟ್ಟಿದೆ. ನಮ್ಮಲ್ಲೂ ಅದೇ ಇರಲಿ. ಈಗಿನ ಸ್ಥಿತಿ ಹೇಗಿದೆ ಅಂದರೆ, ಗೈಡ್ ಇಲ್ಲದಿದ್ದರೂ ಕೆಮರಾ ಬಂದೇ ಬರ್ತದೆ. ‘ಯಾರೂ ನೋಡದ ಮಂಗಳೂರು’ ಅಂತ ರೀಲ್ಸ್ ಮಾಡುವ ಹುಡುಗರು ಒಣಮೀನಿನ ಮಂಡಿ ಎದುರು ಮೂಗು ಮುಚ್ಚಿಕೊಂಡು ನಗುವುದನ್ನು ನೀವೂ ನೋಡಿರ್ತೀರಿ. ಕೇಳುವವರು ಯಾರೂ ಇಲ್ಲದ ಗಲ್ಲಿಯಲ್ಲಿ ಹೀಗೆ ಆಗ್ತದೆ. ಕೇರಿಯ ಹುಡುಗನೊಬ್ಬ ಮುಂದೆ ನಡೆಯುತ್ತಿದ್ದರೆ ಹಿಂದೆ ಬರುವವರ ಕೈ ತನ್ನಿಂದ ತಾನೇ ಕಿಸೆಯೊಳಗೆ ಹೋಗ್ತದೆ. ಇನ್ನು ಚರಂಡಿ. ಚರಂಡಿ ಇರುವುದು ಸತ್ಯ, ಅದನ್ನು ಸರಿ ಮಾಡಿಸುವುದು ಪಾಲಿಕೆಯ ಕೆಲಸ. ಹೊರಗಿನ ನಾಲ್ಕು ಜನ ದಿನಾ ಆ ದಾರಿಯಲ್ಲಿ ನಡೆದರೆ ಅದು ಬೇಗ ಸರಿಯಾಗ್ತದೆ ಅನ್ನುವುದೂ ಅಷ್ಟೇ ಸತ್ಯ.

ನನಗೆ ಭಯ ಇರುವುದು ಬೇರೆ ಕಡೆ. ಗೈಡ್ ಅಂದಕೂಡಲೇ ಬಾಯಿಗೆ ಬಂದದ್ದು ಬಿಡುವ ಅಭ್ಯಾಸ ನಮ್ಮ ದೇಶದಲ್ಲಿ ಉಂಟು. ಸುಲ್ತಾನ್ ಬತ್ತೇರಿಗೆ ಹೋದರೆ, ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಉಂಟು ಅಂತ ಹೇಳುವವ ಒಬ್ಬ ಸಿಕ್ಕೇ ಸಿಗ್ತಾನೆ. ಅಷ್ಟು ಉದ್ದದ ಸುರಂಗ ತೋಡುವುದಿದ್ದರೆ ಟಿಪ್ಪುವಿಗೆ ಯುದ್ಧ ಮಾಡಲಿಕ್ಕೆ ಪುರುಸೊತ್ತೇ ಸಿಗುತ್ತಿರಲಿಲ್ಲ ಮಾರಾಯ್ರೆ! 1784ರಲ್ಲಿ ಗುರುಪುರ ನದಿಯೊಳಗೆ ಶತ್ರುವಿನ ಯುದ್ಧನೌಕೆ ನುಗ್ಗದ ಹಾಗೆ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. ಇಷ್ಟು ಹೇಳಿ, ಮೆಟ್ಟಿಲು ಹತ್ತಿಸಿ, ನದಿಯ ತಿರುವು ತೋರಿಸಿದರೆ ನೋಡುವವನಿಗೆ ಎಲ್ಲ ಅರ್ಥವಾಗ್ತದೆ. ಸುರಂಗ ಬೇಕಾಗಿಲ್ಲ.

ಅದೇ 1784ರ ಇನ್ನೊಂದು ಮಾತೂ ಹೇಳಬೇಕಾಗ್ತದೆ. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚನ್ನು ಆಗ ಟಿಪ್ಪುವಿನ ಆಳ್ವಿಕೆಯಲ್ಲಿ ಕೆಡವಲಾಯಿತು, ಇಲ್ಲಿನ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು, 1799ರ ನಂತರವೇ ಬದುಕಿ ಉಳಿದವರು ಮರಳಿದರು. ಝೀನತ್ ಬಕ್ಷ್ ಹೆಸರು ಹೇಳುವ ನಮ್ಮ ಹುಡುಗನಿಗೆ ಯಾರಾದರೂ ಇದನ್ನು ಕೇಳಿದರೆ, ಅವನು ಮಾತು ಹಾರಿಸಬಾರದು. ಹೌದು, ಹಾಗಾಯಿತು ಅಂತ ಹೇಳುವ ಎದೆಗಾರಿಕೆ ಇದ್ದವನನ್ನೇ ಜನ ನಂಬ್ತಾರೆ. ಹಾಗೆಯೇ ಪಳ್ಳಿಯ 644ರ ಕಥೆಯನ್ನು ‘ನಮ್ಮಲ್ಲಿ ಹೀಗೆ ನಂಬಿಕೆ’ ಅಂತಲೂ, ಇಬ್ನ್ ಬತೂತನ ಮಾತನ್ನು ‘ಬರೆದಿಟ್ಟದ್ದು’ ಅಂತಲೂ ಬೇರೆ ಮಾಡಿ ಹೇಳಲಿ. ನಂಬಿಕೆಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಬಂದರ್ ನಮ್ಮದೊಂದೇ ಅಲ್ಲ ಅಂತಲೂ ಗೈಡ್ ಮರೆಯಬಾರದು. ಕಛೀ ಮೇಮನರ ಮಸೀದಿ, ಗುಜರಾತಿಗಳ ಪೇಟೆ, ಕೊಂಕಣಿಗರ ರಥಬೀದಿ, ರೊಸಾರಿಯೊ ಚರ್ಚ್ ಎಲ್ಲ ಕಾಲ್ನಡಿಗೆಯ ದೂರದಲ್ಲಿವೆ. ಬಂದರಿನಿಂದ ಫೆರಿ ಹತ್ತಿದರೆ ಆಚೆ ದಡ ಬೆಂಗ್ರೆ. ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಮೊಗವೀರರು. ಮೊಗವೀರರು ನಂಬುವ ದೈವ ಬೊಬ್ಬರ್ಯನ ತಂದೆ ಬ್ಯಾರಿ ವ್ಯಾಪಾರಿ ಅಂತ ಪಾಡ್ದನದಲ್ಲಿ ಬರ್ತದೆ. ಇದು ನಮ್ಮ ಅಕೀದಾದ ವಿಷಯ ಅಲ್ಲ. ಆದರೆ ಒಂದೇ ಕಡಲಿಗೆ ಇಳಿಯುತ್ತಿದ್ದ ಎರಡು ಸಮುದಾಯ ಒಬ್ಬರನ್ನೊಬ್ಬರು ಹೇಗೆ ನೆನಪಿಟ್ಟುಕೊಂಡವು ಅಂತ ತಿಳಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಾ? ಕರಾವಳಿ ಅಂದರೆ ಬರೀ ಗಲಾಟೆ ಅಂತ ಟಿವಿಯಲ್ಲಿ ನೋಡಿ ಬಂದ ಬೆಂಗಳೂರಿನವರಿಗೆ ಆ ಫೆರಿಯಲ್ಲಿ, ನದಿಯ ನಡುವೆ, ಈ ಒಂದು ವಿಷಯ ಹೇಳಿ ನೋಡಿ.

ಯಾರು ಮಾಡಬೇಕು ಅನ್ನುವುದಕ್ಕೆ ನನ್ನ ಉತ್ತರ ಸುಲಭ. ಡಿಗ್ರಿ ಮುಗಿಸಿ ವೀಸಾಕ್ಕೆ ಕಾಯುತ್ತಾ ಮೊಬೈಲ್ ಅಂಗಡಿಯಲ್ಲಿ ಕೂತ ಹುಡುಗರಿದ್ದಾರೆ. ಎಂ.ಎ. ಮಾಡಿಯೂ ಮನೆಯಲ್ಲಿರುವ ಹೆಣ್ಮಕ್ಕಳು ಅದಕ್ಕಿಂತ ಹೆಚ್ಚಿದ್ದಾರೆ. ಬಂದರಿನಲ್ಲಿ ಹುಟ್ಟಿದ ಮಗುವಿಗೆ ಬ್ಯಾರಿ, ತುಳು, ಕನ್ನಡ ಮನೆ ಮತ್ತು ಬೀದಿಯಿಂದಲೇ ಬರ್ತದೆ. ಮಲೆಯಾಳ ಅರ್ಥವಾಗ್ತದೆ, ಉರ್ದು ತಕ್ಕಮಟ್ಟಿಗೆ, ಇಂಗ್ಲಿಷ್ ಶಾಲೆಯಿಂದ, ಅರಬಿ ಅಕ್ಷರ ಮದ್ರಸದಿಂದ. ‘ನಕ್ಕ್ ನಿಕ್ಕ್ ಭಾಷೆ’ ಅಂತ ಒಂದು ಕಾಲದಲ್ಲಿ ತಮಾಷೆ ಮಾಡಿಸಿಕೊಂಡ ಬಾಯಿಗೆ ಇಷ್ಟೊಂದು ಭಾಷೆ ಉಂಟು. ಇಂಥ ಗೈಡ್ ಬೇಕಂತ ಹುಡುಕಿದರೂ ಬೇರೆಲ್ಲಿ ಸಿಗ್ತಾರೆ?

ಹೆಣ್ಮಕ್ಕಳ ಬಗ್ಗೆ ಒತ್ತಿ ಹೇಳ್ತೇನೆ. ಗಂಡಸು ಗೈಡ್ ಜಗಲಿಯವರೆಗೆ ಕರೆದುಕೊಂಡು ಹೋಗಬಹುದು, ಅಷ್ಟೆ. ಮನೆಯ ಒಳಗಿನ ಬಂದರ್, ಅಂದರೆ ಪತ್ತಿರ್ ತಟ್ಟುವ ಕೈ, ಮದರಂಗಿಯ ರಾತ್ರಿಯ ಹಾಡು, ಅಜ್ಜಿಯ ಅಲಿಕತ್ತು, ಅಡುಗೆಮನೆಯ ಗೋಡೆಯ ಹಿಂದೆ ನಡೆಯುತ್ತಿದ್ದ ಚಿನ್ನದ ಚೀಟಿ, ಇದನ್ನು ಹೆಂಗಸರೇ ಹೆಂಗಸರಿಗೆ ತೋರಿಸಬೇಕು. ಹೊರಗಿನಿಂದ ಬರುವವರಲ್ಲಿ ಹೆಂಗಸರು ಕಡಿಮೆ ಏನಲ್ಲ. ಇಬ್ಬರು ಮೂವರ ಗುಂಪು, ಗುರುತಿನ ಮನೆ, ಬೆಳಿಗ್ಗಿನ ಮೂರು ತಾಸು, ನಮ್ಮದೇ ಕೇರಿ. ಮರ್ಯಾದೆಗೆ ಎಲ್ಲಿ ಕುಂದು ಬರ್ತದೆ ಅಂತ ನನಗೆ ತಿಳಿಯುವುದಿಲ್ಲ. ಅಡುಗೆ ಮಾಡಿ ಕೊಟ್ಟ ಮನೆಗೆ ಹಣ ಸಿಗಬೇಕು, ಅದು ದಾನ ಅಲ್ಲ, ಕೂಲಿ.

ಹಣದ ಮಾತು ಆಡಲಿಕ್ಕೆ ವ್ಯಾಪಾರಿಗಳಾದ ನಾವು ನಾಚಬಾರದು. ತುಳುವಿನ ಬ್ಯಾರ, ಅಂದರೆ ವ್ಯಾಪಾರ, ಅದರಿಂದಲೇ ನಮ್ಮ ಹೆಸರು ಬಂತು ಅಂತ ಹೇಳುವವರು ನಾವೇ ಅಲ್ವಾ. ಗೈಡಿಗೆ ಒಂದು ಪಾಲು, ದಾರಿಯಲ್ಲಿ ಕೂತು ಕಥೆ ಹೇಳುವ ಹಿರಿಯರಿಗೆ ಒಂದು ಪಾಲು, ಚಹಾ ಅಂಗಡಿಗೆ, ತಿಂಡಿ ಮಾಡಿದ ಮನೆಗೆ ಒಂದೊಂದು. ಒಮ್ಮೆಗೆ ಆರು ಜನರಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಹಮಾಲಿಗಳ ಗಾಡಿಗೆ ದಾರಿ ಇಲ್ಲ. ಅವರ ಕೆಲಸ ನಿಲ್ಲಿಸಿ ಅವರನ್ನೇ ತೋರಿಸುವುದು ಅನ್ಯಾಯ. ತರಬೇತಿ ಬೇಕಾದವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಆನ್‌ಲೈನ್ ಕೋರ್ಸ್ ಉಂಟು. ಆದರೆ ಆ ಕೋರ್ಸಿನಲ್ಲಿ ಕಂಡಕ್ ಬರುವುದಿಲ್ಲ, ಧಕ್ಕೆ ಬರುವುದಿಲ್ಲ. ಅದನ್ನು ಕಲಿಸುವವರು ಪಳ್ಳಿಯ ಹೊರಗಿನ ಬೆಂಚಿನಲ್ಲಿ ಅಸರ್ ಆದ ಮೇಲೆ ಕೂತಿರ್ತಾರೆ. 2007ರಿಂದ ಬ್ಯಾರಿ ಸಾಹಿತ್ಯ ಅಕಾಡೆಮಿ ಉಂಟು. ಪುಸ್ತಕ ಬಿಡುಗಡೆ, ಸನ್ಮಾನದ ಶಾಲುಗಳ ನಡುವೆ ಈ ಬೆಂಚಿನವರ ಮಾತನ್ನು ಫೋನಿನಲ್ಲಾದರೂ ಹಿಡಿದಿಡುವ ಕೆಲಸ ಹುಡುಗರಿಗೆ ಕೊಟ್ಟರೆ ಒಳ್ಳೆಯದು.

ಮೊದಲ ಗಿರಾಕಿಗಳು ಹಡಗಿನವರೇ ಆಗಬೇಕಂತಿಲ್ಲ. ಫರಂಗಿಪೇಟೆ, ಬಿ.ಸಿ.ರೋಡು, ಕೃಷ್ಣಾಪುರ, ದೇರಳಕಟ್ಟೆಯ ನಮ್ಮದೇ ಮನೆಗಳಿಂದ ಶುರುವಾಗಲಿ. ಗಲ್ಫಿನಿಂದ ರಜೆಗೆ ಬಂದ ಮೊಮ್ಮಕ್ಕಳಿಗೆ ಒಂದು ಬೆಳಿಗ್ಗೆ, ಮದ್ರಸ ರಜೆಯ ಹೊತ್ತಿಗೆ ಒಂದು ತರಗತಿ. ಮಗನಿಗೆ ಮಾಲಿನಲ್ಲಿ ಖರ್ಚು ಮಾಡುವ ಹಣದ ಅರ್ಧ ಸಾಕು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳು ಕಡಲಿಗೆ ಇಳಿಯುವುದಿಲ್ಲ, ಧಕ್ಕೆ ಸ್ವಲ್ಪ ಖಾಲಿ. ಹಿರಿಯರ ಹತ್ತಿರ ಕೂತು ಕಲಿಯಲಿಕ್ಕೆ ಅದೇ ಸರಿಯಾದ ಸಮಯ. ಮಂಜಿಗಳು ಮತ್ತೆ ಹೇರಲು ಶುರುವಾದಾಗ ನಡಿಗೆಯೂ ಶುರುವಾಗಲಿ. ಸುಬಹಿ ಕಳೆದು ಬೆಳಕು ಹರಿದಾಗ, ಲಾರಿಗಳು ಗಲ್ಲಿ ತುಂಬುವ ಮೊದಲು, ಬೆಲಿಯ ಪಳ್ಳಿಯ ಎದುರಿನಿಂದ. ಶುಕ್ರವಾರ ಮಾತ್ರ ಬೇಡ.